ಗುರವ್ವನ ಎಡಗಾಲು, ರೇವವ್ವನ ತಂಬಿಗೆ ನೀರು

ನಾಗರ ಪಂಚಮಿ ಹತ್ತಿರ ಬಂತೆಂದರೆ ಆಲಮೇಲದ ಗುರವ್ವನಿಗೆ ಊಟ ಸೇರುತ್ತಿರಲಿಲ್ಲ. ತವರೂರು ಅಗರಖೇಡದಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಾರೆ, ವಾರಿಗೆಯ ಗೆಳತಿಯರೆಲ್ಲ ಬಂದಿರುತ್ತಾರೆ, ಅವ್ವ ದಾರಿ ನೋಡುತ್ತಿರುತ್ತಾಳೆ. ಗುರವ್ವ ಮಾತ್ರ ಗಂಡನ ಮನೆಯ ಕಟ್ಟೆಯ ಮೇಲೆ ಎಡಗಾಲು ಚಾಚಿಕೊಂಡು ಅಳುತ್ತಿದ್ದಳು.

ಆ ಕಾಲಿನಲ್ಲಿ ನೀಲಿ ನರಗಳು ಸುರುಳಿ ಸುರುಳಿಯಾಗಿ ಉಬ್ಬಿ, ತೊಡೆ ದಾಟಿ ಕಿಬ್ಬೊಟ್ಟೆಗೆ ಹತ್ತಿದ್ದವು. ಬಲಗಾಲಿಗೆ ಏನೂ ಆಗಿರಲಿಲ್ಲ. ಅತ್ತೆ ಶಂಕ್ರೆವ್ವ ನೋಡಿದವಳೇ ಇದು ನಾಗಪ್ಪನ ಮುನಿಸು ಎಂದು ತೀರ್ಮಾನಿಸಿದ್ದಳು. ಹುತ್ತಕ್ಕೆ ಹಾಲೆರೆದದ್ದಾಯಿತು. ಮುನಿಸು ಇಳಿಯುವವರೆಗೆ ತವರಿಗೆ ಹೋಗುವಂತಿಲ್ಲ, ಜೋಕಾಲಿ ಏರುವಂತಿಲ್ಲ ಎಂದು ತಾಕೀತೂ ಆಯಿತು. ಹಾಲು ಖರ್ಚಾಯಿತು, ಕಾಲು ಇದ್ದಂತೆಯೇ ಇತ್ತು. ಈ ಸಲ ಅತ್ತೆ, ನರ ಕೊಯ್ದು ಕೆಟ್ಟ ರಕ್ತ ತೆಗೆಯುವವನಿಗೆ ಹೇಳಿಕಳಿಸಿದಳು.

ಸುದ್ದಿ ಕೇಳಿ ಪಕ್ಕದ ಮನೆಯ ನರ್ಸ್ ಇಂದೂಬಾಯಿ ಓಡಿ ಬಂದರು. ಇದು ಯಾವಾಗಿನಿಂದ ಎಂದು ವಿಚಾರಿಸಿದರು. ತವರಿನಲ್ಲಿ ಬಾಣಂತನವಾದಾಗ ಈ ಒಂದು ಕಾಲು ಬಾತು, ಮುಟ್ಟಲಾಗದಷ್ಟು ನೋಯುತ್ತಿತ್ತು, ಆಮೇಲೆ ನರ ಉಬ್ಬತೊಡಗಿದವೆಂದು ಗುರವ್ವ ಹೇಳಿದಳು. ಬಾಣಂತಿಗೆ ಥಂಡಿಯಾದೀತೆಂದು ಅವ್ವ ರೇವವ್ವ ಅವಳನ್ನು ಹೊರಸಿನಿಂದ ಇಳಿಯಗೊಡದೆ, ಕೆಳಗೆ ಕೆಂಡ ಇಟ್ಟು, ನೀರನ್ನು ಗುಟುಕು ಗುಟುಕಾಗಿ ಅಷ್ಟೇ ಕೊಟ್ಟಿದ್ದಳು.

“ನೀರಿಗೆ ಭಾಳ ಹಂಬಲಿಸಿದ್ನಿರಿ ಬಾಯಾರ,” ಎಂದಳು ಗುರವ್ವ.

ತನ್ನ ಕಾಲಲ್ಲೂ ನರ ಉಬ್ಬಿವೆ, ತಾನೇನು ದವಾಖಾನೆಗೆ ಹೋದೆನೇ ಎಂದು ಶಂಕ್ರೆವ್ವ ವಾದಕ್ಕೆ ನಿಂತಳು. ಇಂದೂಬಾಯಿ ಒಪ್ಪಲಿಲ್ಲ. ನಿಮ್ಮದು ಎರಡೂ ಕಾಲಿಗೆ, ನಿಂತು ದುಡಿದು ವಯಸ್ಸಾದ ಮೇಲೆ ನಿಧಾನಕ್ಕೆ ಬಂದದ್ದು. ಹರೆಯದ ಹುಡುಗಿಗೆ ಒಂದೇ ಕಾಲಿನಲ್ಲಿ ಹೀಗೆ ಬಂದರೆ ಒಳಗೆ ಬೇರೆ ಕಾರಣ ಇರುತ್ತದೆ ಎಂದರು.

“ಒಳಗಿನ ದೊಡ್ಡ ನರದಾಗ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರಬೇಕ್ರಿ. ಅದಕ್ಕ ರಕ್ತ ಈ ಮ್ಯಾಲಿನ ನರ ಹಿಡಿದು ಹೊಂಟೈತಿ. ಇರೋ ದಾರಿನೂ ಕೊಯ್ದ್ರ ಕಾಲು ಉಳಿದೀತೇನ್ರಿ?”

ಶಂಕ್ರೆವ್ವ ಬಾಗಿಲಿಗೆ ಹೋಗಿ ಬೇಡವೆಂದು ಕೈಬೀಸಿದಳು. ಕೊಯ್ಯುವವನು ಬಂದ ದಾರಿಯಲ್ಲೇ ಹಿಂದಿರುಗಿದ.

ಇಂದೂಬಾಯಿ ಗುರವ್ವನನ್ನು ವಿಜಾಪುರದ ದವಾಖಾನೆಗೆ ಕರೆದೊಯ್ದರು. ಅಲ್ಲಿ ಡಾಕ್ಟರು ಹೊಟ್ಟೆಯನ್ನೂ ಒತ್ತಿ ನೋಡಿದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ನರ ಒತ್ತಿದರೂ ಹೀಗಾಗುತ್ತದೆ, ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ ಎಂದರು. ಗುರವ್ವನಿಗೆ ಅವೆರಡೂ ಇರಲಿಲ್ಲ. ಬಾಣಂತನದಲ್ಲಿ ಸಾಕಷ್ಟು ನೀರಿಲ್ಲದೆ, ನಡೆದಾಡದೆ ಮಲಗಿದ್ದಾಗ ಕಟ್ಟಿದ ಹೆಪ್ಪೇ ಕಾರಣವಾಗಿತ್ತು. ಉಬ್ಬಿದ ನರ ಪೂರ್ತಿ ಇಳಿಯುವುದಿಲ್ಲ, ಆದರೆ ಹಿಗ್ಗುವ ಪಟ್ಟಿ ಸುತ್ತಿಕೊಂಡು ನಡೆದಾಡಬೇಕು, ಮಲಗಿದಾಗ ಕಾಲು ಎತ್ತರದಲ್ಲಿಡಬೇಕು ಎಂದರು. ಗುರವ್ವ ಕೇಳಿದ್ದು ಒಂದೇ, ಜೋಕಾಲಿ ಆಡಬಹುದೇ ಎಂದು. ಧಾರಾಳವಾಗಿ ಆಡು ಎಂದರು ಡಾಕ್ಟರು.

ಶಂಕ್ರೆವ್ವ ಅವಳನ್ನು ತವರಿಗೆ ಕಳಿಸಿಕೊಟ್ಟಳು. ಪಂಚಮಿಯ ದಿನ ಗುರವ್ವ ಬೇವಿನ ಕೊಂಬೆಯ ಎತ್ತರಕ್ಕೆ ಜೀಕಿದಳು. ಇಳಿದಾಗ ರೇವವ್ವ ತಂಬಿಗೆ ತುಂಬ ನೀರು ಹಿಡಿದು ನಿಂತಿದ್ದಳು.

“ನಿನಗ ಛಲೋ ಆಗ್ಲಿ ಅಂತನ ಅವತ್ತ ಕೊಡ್ಲಿಲ್ಲ ನನ್ನವ್ವಾ,” ಎಂದಳು.

ಗುರವ್ವ ತಂಬಿಗೆ ಕೆಳಗಿಡದೆ ಕುಡಿದಳು.

ತಾಯಂದಿರೇ, ನಿಮ್ಮ ಮನೆಯ ಬಾಣಂತಿ ನೀರು ಕೇಳಿದರೆ ಹೊಟ್ಟೆ ತುಂಬ ಕೊಡಿ, ಅವಳನ್ನು ಎಬ್ಬಿಸಿ ನಡೆದಾಡಿಸಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ಅವತ್ತೇ ದವಾಖಾನೆಗೆ ಕರೆದೊಯ್ಯಿರಿ. ಒಂದೇ ಕಾಲಲ್ಲಿ ನರ ಉಬ್ಬಿದರೆ ಕೊಯ್ಯಿಸಬೇಡಿ, ಕಾಲಿಗೆ ಮಂತ್ರಿಸಿದ ದಾರ ಬಿಗಿಯಬೇಡಿ, ಡಾಕ್ಟರಿಗೆ ತೋರಿಸಿ. ನಿಮ್ಮ ಮಗಳ ಜೋಕಾಲಿಯೂ ಅವಳ ದಾರಿ ಕಾಯುತ್ತಿರುತ್ತದೆ.