ಶುಕ್ರವಾರ ತೆರೆಯದ ತಿಜೋರಿ

ವೀರಪ್ಪನನ್ನು ಏಳನೆಯ ಇಯತ್ತೆಯವರೆಗೆ ತಂದು ನಿಲ್ಲಿಸಲು ಅವನ ತಂದೆಗೆ ಎಷ್ಟು ಖರ್ಚು ಬಿತ್ತೆಂಬುದು ನನಗೆ ಬಾಯಿಪಾಠ. ಮನೆಗೆ ಬಂದು ಪಾಠ ಹೇಳುವ ಮಾಸ್ತರರಿಗೆ ತಿಂಗಳಿಗೆ ಮೂರು ರೂಪಾಯಿಯಂತೆ ನಾಲ್ಕು ವರ್ಷ, ನೂರಾ ನಲವತ್ತನಾಲ್ಕು. ಜರಿಯ ಟೊಪ್ಪಿಗೆ ಎರಡೂವರೆ. ಬೂಟು ನಾಲ್ಕು. ಪರೀಕ್ಷೆಗೆ ಹೋಗಲು ಚಕ್ಕಡಿ, ಜೊತೆಗೆ ಅಡಿಗೆಯವಳು, ಬೆಳಗಾವಿಯಲ್ಲಿ ಮೂರು ದಿನದ ಬಿಡಾರ ಎಲ್ಲ ಸೇರಿ ಹನ್ನೊಂದು. ಎರಡು ಸಲ ನಪಾಸಾದ್ದರಿಂದ ಇಪ್ಪತ್ತೆರಡು. ಪರೀಕ್ಷೆಯಲ್ಲಿ ವೇಳೆ ನೋಡಿಕೊಳ್ಳಲೆಂದು ಕೊಂಡ ಗಡಿಯಾರ ಹದಿನಾಲ್ಕು. ವೇಳೆಯನ್ನು ಅವನು ಚೆನ್ನಾಗಿಯೇ ನೋಡಿಕೊಂಡ. ಎರಡೂ ಸಲ ಎಲ್ಲರಿಗಿಂತ ಮೊದಲು ಎದ್ದು ಬಂದ. ಒಟ್ಟು ಇನ್ನೂರಕ್ಕೆ ಹದಿಮೂರೂವರೆ ಕಡಿಮೆ.

ರಾಯಪ್ಪನಿಗೆ ಪಾಟಿ ಮೂರಾಣೆ, ಬಳಪ ಒಂದಾಣೆ, ಬೆಳಗಾವಿಗೆ ನಡೆದು ಹೋಗಿ ಬರುವಾಗ ಹೊಟ್ಟೆಗೆ ಒಂಬತ್ತಾಣೆ. ಹದಿಮೂರಾಣೆಯಲ್ಲಿ ಅವನು ಒಂದೇ ಸಲಕ್ಕೆ ಪಾಸಾದ. ಪುಸ್ತಕಗಳು ವೀರಪ್ಪನ ಹಳೆಯವು. ಹೆಚ್ಚಾಗಿ ತೆರೆದಿರಲಿಲ್ಲವಾದ್ದರಿಂದ ಹೊಸವುಗಳ ಹಾಗೇ ಇದ್ದವು.

ವೀರಪ್ಪನ ತಂದೆ ಸಂಗಪ್ಪ ಸಾಹುಕಾರನಿಗೆ ಬೈಲಹೊಂಗಲದ ಪೇಟೆಯಲ್ಲಿ ಅರಳೆ, ಜೋಳ, ಮೆಣಸಿನಕಾಯಿಯ ಅಡತಿ ಅಂಗಡಿಯಿತ್ತು. ನಾನು ಅಲ್ಲಿ ತಕ್ಕಡಿ ಹಿಡಿಯುವವನು. ರಾಯಪ್ಪ ಕಿತ್ತೂರಿನ ಕಡೆಯ ಒಂದು ಹಳ್ಳಿಯವನು. ತಂದೆ ಇರಲಿಲ್ಲ. ತಾಯಿ ಮುದಕವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಹತ್ತು ವರ್ಷವಾಗುವತನಕ ದನ ಕಾಯ್ದು, ಆಮೇಲೆ ಸಾಲೆಗೆ ಬಂದ ಹುಡುಗ. ಮಠದ ಪಡಸಾಲೆಯಲ್ಲಿ ಮಲಗುತ್ತಿದ್ದ, ವಾರದ ಊಟ ಹಿಡಿದು ಓದುತ್ತಿದ್ದ. ಆಗ ಬಡ ಹುಡುಗರೆಲ್ಲ ಓದುತ್ತಿದ್ದುದು ಹಾಗೆಯೇ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಳ್ಳಬೇಕು. ಒಂದು ಮನೆಯಲ್ಲಿ ಬಾಗಿಲು ಹಾಕಿದರೆ ಆ ದಿನ ನೀರು ಕುಡಿದು ಮಲಗಬೇಕು.

ಸೋಮವಾರ ಸಾಹುಕಾರನದು. ಉಳಿದ ಮನೆಯವರು ಹಿತ್ತಲ ಬಾಗಿಲಲ್ಲಿ ಎರಡು ರೊಟ್ಟಿ, ಪಲ್ಯ ಕೊಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಗುರುವಾರದ ಗುರುಬಸವ್ವನೆಂಬ ಮುದುಕಿ ತಾನೇ ಬಡವಿ. ಆದರೂ ರೊಟ್ಟಿಯ ನಡುವೆ ಚೂರು ಬೆಲ್ಲ ಇಟ್ಟಿರುತ್ತಿದ್ದಳು, ಇಟ್ಟದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಸಾಹುಕಾರ ಮಾತ್ರ ಹುಡುಗನನ್ನು ಪೇಟೆಗೆ ಮುಖಮಾಡಿದ ಮುಂಗಟ್ಟೆಯ ಮೇಲೆಯೇ ಕೂಡಿಸಿ ಉಣ್ಣಿಸಬೇಕು. ಹೋಗುವವರು ಬರುವವರು ನೋಡಬೇಕು. ನೋಡದೆ ಹೋದವರನ್ನು ಅವನೇ ಕರೆದು, ಹುಡುಗನ ಅಕ್ಷರ ಚೆನ್ನಾಗಿದೆ, ನಮ್ಮಲ್ಲೇ ಊಟ, ಎಂದು ಹೇಳುತ್ತಿದ್ದ. ಐದು ವರ್ಷದ ಸೋಮವಾರಗಳ ರೊಟ್ಟಿಯಲ್ಲಿ ಅವನು ಗಳಿಸಿದ ಹೆಸರು ಒಂದು ಕೆರೆ ಕಟ್ಟಿಸಿದವನಿಗೂ ಬಂದಿರಲಿಕ್ಕಿಲ್ಲ.

ಏಳನೆಯ ಇಯತ್ತೆಯ ಕೊನೆಗೆ ಬರೆಯುವುದಕ್ಕೆ ಮುಲ್ಕಿ ಪರೀಕ್ಷೆ ಎನ್ನುತ್ತಿದ್ದರು. ಅದರಲ್ಲಿ ಪಾಸಾದವನಿಗೆ ಸರ್ಟಿಫಿಕೇಟಿನ ಕಾಗದ ಬರುತ್ತಿತ್ತು. ರಾಯಪ್ಪನದು ಬಂದ ದಿನ ಮುದಕವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಅವರ ಮನೆ ಸೋರುತ್ತಿತ್ತು, ಗೋಡೆಗೆಲ್ಲ ಗೆದ್ದಲು. ನಮ್ಮ ಕಡೆ ರೈತರು ಖರೀದಿ ಪತ್ರ, ಮಗಳ ಬೆಳ್ಳಿ ಕಡಗ, ಏನೇ ಇದ್ದರೂ ಸಾಹುಕಾರನ ಕಬ್ಬಿಣದ ತಿಜೋರಿಯಲ್ಲಿ ಇಡುವುದು ರೂಢಿ. ಅಲ್ಲಿಟ್ಟರೆ ಗುಡಿಯಲ್ಲಿ ಇಟ್ಟಂತೆ ಎಂದು ತಿಳಿಯುತ್ತಿದ್ದರು. ಇವಳಿಗೂ ತನ್ನ ಮಗನ ಕಾಗದ ದೊಡ್ಡವರ ಕಾಗದಗಳ ಜೊತೆ ಇರಲಿ ಎಂಬ ಹೆಮ್ಮೆ. ಕೊಡು, ಅಲ್ಲಿ ಇಲಿ ಸಹ ಹೋಗುವುದಿಲ್ಲ ಎಂದವನು ನಾನೇ. ಆ ಮಾತನ್ನು ಈಗಲೂ ನನ್ನ ಲೆಕ್ಕಕ್ಕೇ ಹಿಡಿಯುತ್ತೇನೆ.

ಹೆಡ್‌ಮಾಸ್ತರರು ರಾಯಪ್ಪನಿಗಾಗಿ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಬರೆದಿದ್ದರು. ಅಲ್ಲಿ ಓದುವಾಗಲೇ ಊಟಕ್ಕಾಗುವಷ್ಟು ವೇತನ, ಹೊರಬಿದ್ದರೆ ಸರಕಾರಿ ಸಾಲೆಯಲ್ಲಿ ಮಾಸ್ತರಿಕೆ, ಮುದುಕನಾದಾಗ ಪಿಂಚಣಿ. ಮುಂಗಾರಿನ ಆರಂಭದ ಒಂದು ಮಂಗಳವಾರ ಜವಾಬು ಬಂತು: ಶನಿವಾರ ಮಧ್ಯಾಹ್ನದೊಳಗೆ ಮೂಲ ಕಾಗದ ಸಮೇತ ಹಾಜರಾಗಬೇಕು, ಇಲ್ಲವಾದರೆ ಆ ಜಾಗ ಇನ್ನೊಬ್ಬನಿಗೆ. ರಾಯಪ್ಪನಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ದನ ಕಾಯ್ದ ವರ್ಷಗಳಿಂದಾಗಿ ಅವನ ವಯಸ್ಸು ಅಂಚಿಗೆ ಬಂದಿತ್ತು.

ಅವನು ಅಂಗಡಿಗೆ ಓಡಿಬಂದ. ಸಾಹುಕಾರ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಇವತ್ತ ಮಂಗಳವಾರ ಅಲ್ಲೇನೋ? ಮಂಗಳವಾರ, ಶುಕ್ರವಾರ ನಮ್ಮ ತಿಜೋರಿಯಿಂದ ಹುಲ್ಲುಕಡ್ಡಿ ಹೊರಗ ಹೋಗೂದಿಲ್ಲ. ಐದು ವರ್ಷ ನಮ್ಮನಿ ರೊಟ್ಟಿ ತಿಂದಿ, ಇಷ್ಟು ತಿಳೀಲಿಲ್ಲ?"

ಆಮೇಲೆ ಮೆತ್ತಗಿನ ದನಿಯಲ್ಲಿ ತನ್ನ ವಿಚಾರ ಹೇಳಿದ. ಧಾರವಾಡ ಏಕೆ, ಅಂಗಡಿಯಲ್ಲೇ ಲೆಕ್ಕ ಬರೆಯುತ್ತ ಕೂತರೆ ತಿಂಗಳಿಗೆ ಐದು ರೂಪಾಯಿ, ಮಧ್ಯಾಹ್ನದ ಊಟ. ಬಿಸಿಲಿಲ್ಲ, ಮಳೆಯಿಲ್ಲ. ಅವನಿಗೆ ಗುಮಾಸ್ತ ಬೇಕಿತ್ತು. ವೀರಪ್ಪನಿಗೆ ಲೆಕ್ಕ ಬಾರದು. ಅವನನ್ನು ಸವದತ್ತಿಯ ಕಚೇರಿಯಲ್ಲಿ ಉಮೇದವಾರಿಗೆ ಹಚ್ಚುವುದು ಗೊತ್ತಾಗಿತ್ತು. ಉಮೇದವಾರಿ ಎಂದರೆ ಸಂಬಳವಿಲ್ಲದೆ ಕಾಗದ ಬರೆಯುತ್ತ, ಯಾವುದಾದರೂ ಕಾರಕೂನನ ಜಾಗ ತೆರವಾಗುವತನಕ ಕಾಯುವುದು. ವರ್ಷವಾಗಬಹುದು, ಮೂರಾಗಬಹುದು. ಅದಕ್ಕೆ ಬುದ್ಧಿ ಬೇಕಿಲ್ಲ, ಅಲ್ಲಿಯವರೆಗೆ ಅನ್ನ ಹಾಕುವ ಅಪ್ಪ ಬೇಕು.

ಒಳಗಿನಿಂದ ಸಾಹುಕಾರನ ಹೆಂಡತಿ ಸಿದ್ದಲಿಂಗವ್ವ ಹೊಸ್ತಿಲಿಗೆ ಬಂದು ನಿಂತಳು.

"ಮಾಸ್ತರ ಆಗ್ತಾನಂತ. ಧಾರವಾಡದಾಗ ಸೋಮವಾರ ಯಾರ ಬಾಗಲಾಗ ಕುಂದರತೀಯೋ ತಮ್ಮಾ?"

ಅಂಗಡಿಯಲ್ಲಿದ್ದವರು ನಕ್ಕರು. ರಾಯಪ್ಪನೂ ನಗಬೇಕಾಯಿತು. ಅನ್ನ ಹಾಕಿದವರು ಚೇಷ್ಟೆ ಮಾಡಿದರೆ ಉಂಡವನು ನಗುವುದು ಆ ಊಟದ ಜೊತೆಗೇ ಬರುವ ಕೆಲಸ.

ಬುಧವಾರ ನಸುಕಿನಲ್ಲಿ ಸಾಹುಕಾರ ವ್ಯಾಪಾರಕ್ಕೆಂದು ರಾಮದುರ್ಗಕ್ಕೆ ಹೋದ. ಕೀಲಿ ಅವನ ಸೊಂಟದಲ್ಲಿ. ಅವನು ಬೇಕೆಂದೇ ಹೋದನೆಂದು ನಾನು ಹೇಳಲಾರೆ. ಇಂಥವರಿಗೆ ಬೇಕೆಂದು ಮಾಡುವ ಶ್ರಮವೂ ಇರುವುದಿಲ್ಲ. ಬಡವನ ಅವಸರ ಅವರ ಕಣ್ಣಿಗೆ ಬೀಳುವುದೇ ಇಲ್ಲ. ರಾಯಪ್ಪ ಕಿತ್ತೂರಿನ ಕಡೆ ಹೊರಟ ಚಕ್ಕಡಿಯವನ ಕೈಯಲ್ಲಿ ತಾಯಿಗೆ ಸುದ್ದಿ ಕಳಿಸಿದ. ಗುರುವಾರ ಅವಳು ನಡೆದು ಬರುವುದಕ್ಕೂ ಸಾಹುಕಾರ ಮರಳುವುದಕ್ಕೂ ಸರಿಯಾಯಿತು. ಆದರೆ ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಏನನ್ನೂ ಹೊರಗೆ ಕೊಡುವುದಿಲ್ಲ, ಅದೂ ಪದ್ಧತಿ. ನಾಳೆ ಶುಕ್ರವಾರ. ನಾಡಿದ್ದು ಬೆಳಗ್ಗೆ ಬಾ ಎಂದ. ಧಾರವಾಡ ಎಂಟು ಹರದಾರಿ, ನಾಡಿದ್ದು ಹೊರಟರೆ ಮುಟ್ಟುವುದಿಲ್ಲ ಎಂದು ನಾನು ಬಾಯಿ ಹಾಕಿದೆ. ಹಣಮಂತಪ್ಪ, ನಿನ್ನ ಕೆಲಸ ತಕ್ಕಡಿ ನೋಡುವುದು ಎಂದ. ನಾನು ತಕ್ಕಡಿ ನೋಡಿದೆ. ನನಗೂ ಮನೆಯಲ್ಲಿ ನಾಲ್ಕು ಬಾಯಿಗಳಿದ್ದವು.

ಶುಕ್ರವಾರ ಮುದಕವ್ವ ಬೆಳಗಿನಿಂದ ಮುಂಗಟ್ಟೆಯ ಕೆಳಗೆ ಕೂತಿದ್ದಳು. ಅಳಲಿಲ್ಲ, ಯಾರ ಕಾಲನ್ನೂ ಹಿಡಿಯಲಿಲ್ಲ. ಗುರುಬಸವ್ವ ತಂದುಕೊಟ್ಟ ರೊಟ್ಟಿಯನ್ನು ಮಗನಿಗೆ ಅರ್ಧ ಕೊಟ್ಟು ತಾನು ಅರ್ಧ ತಿಂದಳು. ಆ ಹೊತ್ತಿಗೆ ಹೊರಟಿದ್ದರೂ ರಾಯಪ್ಪ ಕತ್ತಲಾಗುವುದರೊಳಗೆ ಧಾರವಾಡ ಸೇರುತ್ತಿದ್ದ.

ಹೊತ್ತು ನೆತ್ತಿಗೆ ಬಂದಾಗ ಸಿದ್ದಲಿಂಗವ್ವನ ತಮ್ಮ ಶಂಕ್ರೆಪ್ಪ ಸವದತ್ತಿಯಿಂದ ಬಂದ. ವೀರಪ್ಪ ಅಲ್ಲಿ ಅವನ ಮನೆಯಲ್ಲಿಯೇ ಇರುವುದೆಂದು ಮಾತಾಗಿತ್ತು. ಆರು ತಿಂಗಳ ಊಟ, ಹೊಸ ಕೋಟು, ರುಮಾಲು, ಬರೆಯಲು ಇಳಿಜಾರಿನ ಮೇಜು, ಇವಕ್ಕೆಲ್ಲ ರೊಕ್ಕ ಬೇಕು. ಅವನು ಕೂಡಲೇ ಹಿಂದಿರುಗಬೇಕು. ಸಾಹುಕಾರ ಸೊಂಟದಿಂದ ಕೀಲಿ ತೆಗೆದ. ತಿಜೋರಿಗೆ ಕೈಮುಗಿದು ತೆರೆದ. ನಲವತ್ತು ರೂಪಾಯಿ ಹೊರಗೆ ಬಂದು ಶಂಕ್ರೆಪ್ಪನ ಚೀಲ ಸೇರಿದವು. ಮೇಲಿನ ಅರೆಯಲ್ಲಿ ರಾಯಪ್ಪನ ಕಾಗದದ ಸುರುಳಿ ನನಗೇ ಕಾಣುತ್ತಿತ್ತು. ರೂಪಾಯಿ ತೆಗೆಯುವಾಗ ಅಡ್ಡ ಬಂದಿತೆಂದು ಸಾಹುಕಾರ ಅದನ್ನು ಈಚೆಗೆ ಸರಿಸಿ, ಮತ್ತೆ ಒಳಗೇ ಇಟ್ಟ.

ಮುದಕವ್ವ ಎದ್ದು ನಿಂತಳು.

"ಸಾಹುಕಾರ್ರ, ಲಕ್ಷ್ಮಿ ಈಗ ಹೊರಗ ಹೋದಳಲ್ಲರಿ. ಆಕಿ ಹಿಂದ ನಮ್ಮ ಕಾಗದಾನೂ ಕಳಸ್ರಿ."

"ಅದು ಮಗನ ಕೆಲಸಕ್ಕ ಹೋತು, ಮುದಕವ್ವ."

"ಇದೂ ಮಗನ ಕೆಲಸಾನ ರಿ."

"ನಿನ್ನ ಮಗಾ, ನನ್ನ ಮಗಾ ಒಂದ ಏನ?"

ಸಿಟ್ಟಿನಿಂದ ಕೇಳಲಿಲ್ಲ. ಸೇರು ಯಾವುದು, ಪಾವು ಯಾವುದು ಎಂದು ತಿಳಿಯದವರಿಗೆ ತಿಳಿಸುವ ಹಾಗೆ, ಅಕ್ಕರೆಯಿಂದಲೇ ಕೇಳಿದ. ಅವನ ಮಟ್ಟಿಗೆ ಅದು ಅವಮಾನದ ಮಾತೇ ಆಗಿರಲಿಲ್ಲ. ಶಂಕ್ರೆಪ್ಪ ಸಹ ಇದರಲ್ಲಿ ಚರ್ಚೆಗೆ ಏನಿದೆ ಎಂಬಂತೆ ಚೀಲದ ಬಾಯಿ ಕಟ್ಟುತ್ತಿದ್ದ. ತಿಜೋರಿಯ ಬಾಗಿಲು ಮುಚ್ಚಿತು. ಮುದಕವ್ವ ಅಲ್ಲಿಯೇ ಮತ್ತೆ ಕೂತಳು.

ನಾನು ಸಂಜೆ ಹೆಡ್‌ಮಾಸ್ತರರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಬಂದು ಸಾಹುಕಾರನ ಎದುರು ಕೈಕಟ್ಟಿ ನಿಂತು ವಿನಂತಿ ಮಾಡಿದರು. ಸಾಲೆಯ ಕಟ್ಟಡ ಸಾಹುಕಾರನ ಬಾಡಿಗೆಯದು. ಅವರಾದರೂ ದನಿ ಏರಿಸುವುದು ಹೇಗೆ? ಸಾಹುಕಾರ ಬೆಲ್ಲದ ಪಾನಕ ಕುಡಿಸಿ, ಪದ್ಧತಿ ಬಿಡಲಾಗದು ಎಂದು ಹೇಳಿ ಕಳಿಸಿದ.

ಶನಿವಾರ ಸಾಹುಕಾರ ಸ್ನಾನ, ಪೂಜೆ ಮುಗಿಸಿ ಅಂಗಡಿಗೆ ಬಂದಾಗ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಕಾಗದದ ಮೂಲೆಗೆ ಕುಂಕುಮ ಹಚ್ಚಿ, ಮೇಲೊಂದು ತೆಂಗಿನಕಾಯಿ ಇಟ್ಟು ರಾಯಪ್ಪನ ಕೈಗೆ ಕೊಟ್ಟು, ದೊಡ್ಡವನಾಗು ಎಂದು ಹರಸಿದ. ಹರಸುವಾಗ ಕಣ್ಣುಗಳು ಒದ್ದೆಯಾಗಿದ್ದವು, ಸುಳ್ಳು ಹೇಳಲಾರೆ. ಅಂಥವರ ಕಣ್ಣೀರಿಗೆ ಖರ್ಚಿಲ್ಲ. ಬಾಗಿಲಲ್ಲಿ ಟಾಂಗಾ ಕಟ್ಟಿ ನಿಂತಿತ್ತು. ಅದು ಜರಿಯ ಟೊಪ್ಪಿಗೆ ಹಾಕಿಕೊಂಡ ವೀರಪ್ಪನನ್ನು ಸವದತ್ತಿಗೆ ಒಯ್ಯಬೇಕಾಗಿತ್ತು. ವೀರಪ್ಪ ಕೆಟ್ಟವನಲ್ಲ. ಅಪ್ಪಾ, ಇವನನ್ನು ಮೊದಲು ಧಾರವಾಡಕ್ಕೆ ಬಿಟ್ಟು ಬರಲಿ, ನಾನು ನಾಳೆ ಹೋಗುತ್ತೇನೆ ಎಂದ. ಉಮೇದವಾರಿಗೆ ಯಾವ ದಿನ ಸೇರಿದರೂ ನಡೆಯುತ್ತಿತ್ತು. ಸಾಹುಕಾರ ಅವನ ಕಡೆ ನೋಡಿದ, ಅಷ್ಟೇ. ವೀರಪ್ಪ ಟಾಂಗಾ ಹತ್ತಿದ. ಸರಿ ಎಂದು ತನಗೆ ತಿಳಿದದ್ದನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ರಾಯಪ್ಪ ತೆಂಗಿನಕಾಯಿಯನ್ನು ತಾಯಿಯ ಉಡಿಗೆ ಹಾಕಿ ಧಾರವಾಡದ ದಾರಿ ಹಿಡಿದ. ಅರ್ಧ ಓಡಿ, ಅರ್ಧ ನಡೆದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮುಟ್ಟಿದ. ಅಲ್ಲಿನ ಕಾರಕೂನ ಒಳ್ಳೆಯ ಮನುಷ್ಯ. ನೀರು ಕೊಟ್ಟು, ಪಟ್ಟಿ ತೋರಿಸಿದ. ಇವನ ಹೆಸರಿನ ಮೇಲೆ ಗೀಟು ಎಳೆದು ಇನ್ನೊಬ್ಬನ ಹೆಸರು ಬರೆದಾಗಿತ್ತು. ಮಸಿ ಒಣಗಿತ್ತು.

ರವಿವಾರ ಸಂಜೆ ಹುಡುಗ ಮರಳಿದಾಗ ಸಾಹುಕಾರ ಎಲ್ಲ ಹಣೆಬರಹ ಎಂದ. ಗುಮಾಸ್ತನ ಗಾದಿಯ ಮೇಲೆ ತಾನೇ ಕೈಯಿಂದ ಧೂಳು ಹೊಡೆದು, ನಾಳೆ ಸೋಮವಾರ, ಒಳ್ಳೆಯ ದಿನ, ಕೂತುಬಿಡು ಎಂದ. ಮುದಕವ್ವ ಮಗನ ಮುಖ ನೋಡಿದಳು. ಐದು ರೂಪಾಯಿ ಅವಳಿಗೆ ಸಣ್ಣ ಮಾತಲ್ಲ. ಅವಳ ಎರಡು ತಿಂಗಳ ಕೂಲಿ. ಹೂಂ ಎಂದಿದ್ದರೆ ನಾನು ತಪ್ಪೆನ್ನುತ್ತಿರಲಿಲ್ಲ.

"ನಮಗ ಬ್ಯಾಡ್ರಿ," ಎಂದ ರಾಯಪ್ಪ. "ನಿಮ್ಮ ಲೆಕ್ಕ ನನಗ ಬರೂದಿಲ್ಲ."

ಸಿದ್ದಲಿಂಗವ್ವ ಒಳಗಿನಿಂದ ಉಂಡ ಮನೆಯ ಬಗ್ಗೆ ಏನೋ ಅಂದಳು. ತಾಯಿ ಮಗ ಇಳಿದು ನಡೆದರು. ನಾನು ಹಿಂದಿನಿಂದ ಹೋಗಿ, ರಾಮದುರ್ಗ ಸಂಸ್ಥಾನದ ಸುರೇಬಾನದಲ್ಲಿರುವ ನನ್ನ ಸೋದರಮಾವ ಅಮೋಘಸಿದ್ದಪ್ಪನ ಹೆಸರು ಹೇಳಿದೆ. ಅಲ್ಲಿಯ ರೈತರು ತಮ್ಮ ಮಕ್ಕಳಿಗೆ ಒಬ್ಬ ಓದಿಸುವವನನ್ನು ಹುಡುಕುತ್ತಿದ್ದರು. ಟ್ರೇನಿಂಗು ಕೇಳುತ್ತಿರಲಿಲ್ಲ, ಸಂಬಳವೂ ರೊಕ್ಕದಲ್ಲಿ ಇರುತ್ತಿರಲಿಲ್ಲ. ರಾಶಿಯ ಕಾಲಕ್ಕೆ ಮನೆಗೆ ಇಷ್ಟು ಜೋಳ.

ರಾಯಪ್ಪ ಸುರೇಬಾನದಲ್ಲಿ ಮೂವತ್ತೊಂದು ವರ್ಷ ಕಲಿಸಿದ. ತಂಗಿಯರ ಮದುವೆ ಮಾಡಿದ. ಹೊಲ ಕೊಳ್ಳಲಾಗಲಿಲ್ಲ, ಪಿಂಚಣಿ ಬರಲಿಲ್ಲ; ಕೈ ನಡುಗಲು ಹತ್ತಿದ ವರ್ಷ ಜೋಳವೂ ನಿಂತಿತು. ಅವನ ಹತ್ತಿರ ಕಲಿತವರಲ್ಲಿ ಹನ್ನೆರಡು ಜನ ಮುಲ್ಕಿ ಪಾಸಾದರು. ವೀರಪ್ಪ ಎರಡು ವರ್ಷ ಬಿಟ್ಟಿ ಬರೆದು, ನಡುವೆ ಮೂರನೆಯ ಸಲಕ್ಕೆ ಮುಲ್ಕಿ ಪಾಸಾಗಿ ಕಾರಕೂನನಾದ, ಕೊನೆಗೆ ಎಲ್ಲ ಕಾರಕೂನರ ಮೇಲಿನ ಅವ್ವಲ ಕಾರಕೂನನಾಗಿ ಪಿಂಚಣಿ ಪಡೆದ. ಸಂಗಪ್ಪ ಸಾಹುಕಾರನಿಗೆ ಗುಮಾಸ್ತ ಬೇರೆಯವನು ಸಿಕ್ಕ, ಏಳು ರೂಪಾಯಿಗೆ. ತಿಂಗಳಿಗೆ ಎರಡು ರೂಪಾಯಿ ಹೆಚ್ಚು ಬಿತ್ತು. ಈ ವ್ಯವಹಾರದಲ್ಲಿ ಅವನಿಗೆ ಆದ ನಷ್ಟ ಅಷ್ಟೇ.