ಬಗ್ಗಿದವರಿಗೆ ಕಂಡ ಗೆರೆ

ಕೊಠಡಿ ಕಿತ್ತುಕೊಳ್ಳುವವರು ಮೊದಲು ಮುರುಕು ಕುರ್ಚಿ ಕಳಿಸುತ್ತಾರೆ. ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೊನೆಯ ಕೋಣೆಗೆ ಆಗಲೇ ಹನ್ನೊಂದು ಬಂದಿದ್ದವು. ಇವತ್ತು ಹತ್ತಕ್ಕೆ ನಿರ್ದೇಶಕರಿಗೆ ಕಣದ ಗೆರೆ ಕಂಡರೆ ಕೋಣೆ ಉಳಿಯುತ್ತದೆ. ಇಲ್ಲವಾದರೆ ಅದು ಉಗ್ರಾಣ.

ಆ ಗೆರೆ ತೋರಿಸಲೆಂದೇ ಲ್ಯಾಬ್ ಸಹಾಯಕಿ ಮೂರು ತಿಂಗಳು ಕೂತು ಒಂದು ಪೆಟ್ಟಿಗೆ ಕಟ್ಟಿದ್ದಳು: ಮೀನು ಸಾಕುವ ಗಾಜಿನ ತೊಟ್ಟಿ, ಮೇಲೆ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆ, ಕೆಳಗೆ ಕಪ್ಪು ತಗಡು, ಅದರಡಿ ಡ್ರೈ ಐಸ್. ಒಳಗೆ ಮಂಜು ಹಬ್ಬುತ್ತದೆ. ಪರಮಾಣುವಿಗಿಂತ ಸಣ್ಣ ಕಣವೊಂದು ಅದನ್ನು ಸೀಳಿ ಹೋದರೆ ಹಿಂದೆ ಬಿಳಿ ಗೆರೆ ಮೂಡುತ್ತದೆ. ಕಣ ಕಾಣದು, ಹೆಜ್ಜೆ ಕಾಣುತ್ತದೆ.

ನಿರ್ದೇಶಕರು ನಿಂತಲ್ಲೇ ಇಣುಕಿದರು. "ಏನೂ ಇಲ್ವಲ್ಲಮ್ಮಾ."

"ಒಂದ್ನಿಮಿಷ ಸರ್, ಬರುತ್ತೆ."

"ಬರುತ್ತೆ ಬರುತ್ತೆ ಅನ್ನೋಕೆ ಇದೇನು ಬಸ್ಸಾ?"

ಸಹಾಯಕಿ ನೆತ್ತಿ ಮೇಲಿನ ದೀಪವನ್ನು ಪೆಟ್ಟಿಗೆಯತ್ತ ಇನ್ನಷ್ಟು ತಿರುಗಿಸಿದಳು.

ಬಾಗಿಲಲ್ಲಿ ನೆಲ ಒರೆಸುತ್ತಿದ್ದವಳು ಅವಳ ಅಮ್ಮ. ಇಪ್ಪತ್ತು ವರ್ಷ ಈ ಕಟ್ಟಡದ ಕಸ ಎತ್ತಿದವಳನ್ನು 'ಬಾ, ನೋಡು' ಎಂದು ಯಾವ ಮೇಷ್ಟ್ರೂ ಕರೆದಿರಲಿಲ್ಲ.

"ಲೇ, ದಿನಾ ಮೊಣಕಾಲೂರಿ ಪಕ್ಕದಿಂದ ಟಾರ್ಚ್ ಹಿಡೀತಿದ್ದೆ. ಇವತ್ತೇನೇ ನೆತ್ತಿ ಮೇಲೆ ದೀಪ?"

"ಸುಮ್ನಿರಮ್ಮಾ! ಸರ್ ಬಗ್ಗೋ ಹಾಗಾಗಬಾರದು ಅಂತ..."

"ಮೇಲಿಂದ ಬೆಳಕು ಬಿಟ್ರೆ ನೆಲದ ಧೂಳೇ ಕಾಣಲ್ಲ, ಇದು ಕಾಣುತ್ತಾ? ಅಡ್ಡ ಹಿಡಿ. ಬಗ್ಗಿದ್ರೆ ಯಾರ ಸೊಂಟಾನೂ ಮುರಿಯಲ್ಲ."

ತಪ್ಪು ಅಲ್ಲೇ ಇತ್ತು. ದೊಡ್ಡವರು ನಿಂತೇ ನೋಡಲಿ ಎಂದು ಮಗಳು ಬೆಳಕನ್ನು ಚಾವಣಿಗೆ ಕಟ್ಟಿದ್ದಳು. ಈಗ ದೀಪ ಆರಿಸಿ, ಟಾರ್ಚನ್ನು ತಗಡಿನ ಮಟ್ಟಕ್ಕೆ ಹಿಡಿದಳು. ನಿರ್ದೇಶಕರು ಅತ್ತಿತ್ತ ನೋಡಿ, ಪ್ಯಾಂಟು ಎಳೆದುಕೊಂಡು ಮೊಣಕಾಲೂರಿದರು.

ಸರ್ರನೆ ಒಂದು ಗೆರೆ. ಮತ್ತೊಂದು. ಒಂದು ಕೂದಲೆಳೆಯಂತೆ ಉದ್ದ, ಒಂದು ಗಿಡ್ಡ ದಪ್ಪ, ಒಂದು ಕುಡಿದವನ ಹಾಗೆ ತೂರಾಡಿಕೊಂಡು.

"ಅರೆ! ಇವನ್ನ ಒಳಗೆ ಬಿಟ್ಟೋರು ಯಾರು?"

"ಯಾರೂ ಬಿಟ್ಟಿಲ್ಲ ಸರ್. ಆ ಉದ್ದದವು ಆಕಾಶದಿಂದ ಬರೋವು. ಚಾವಣಿ ತೂರಿ, ನಮ್ಮ ಮೈ ತೂರಿ ಹೋಗ್ತಾನೇ ಇರ್ತವೆ."

"ಸಾಹೇಬರ ಮೈಯಲ್ಲೂನಾ?" ಅಮ್ಮನಿಗೆ ಅನುಮಾನ.

"ಎಲ್ರ ಮೈಯಲ್ಲೂ. ಅಪ್ಪಣೆ ಕೇಳಲ್ಲ."

"ಭಲೇ! ಹಂಗಾದ್ರೆ ನಂಗೂ ತೋರ್ಸು."

ನಿರ್ದೇಶಕರು ಸರಿದು ಜಾಗ ಬಿಟ್ಟರು. ಆಮೇಲೆ ಏಳಲೆಂದು ಪಕ್ಕದ ಕುರ್ಚಿ ಹಿಡಿದರು. ಅದು ಲಟ್ಟನೆ ಮುರಿಯಿತು.

"ಈ ದರಿದ್ರ ಕುರ್ಚಿಗಳನ್ನ ಇಲ್ಲಿ ತಂದು ಹಾಕಿದ್ಯಾರು?"

"ನೀವೇ ಸರ್."

ಅವರಿಗೂ ನಗು ತಡೆಯಲಾಗಲಿಲ್ಲ. "ಇವತ್ತೇ ಎತ್ತಿಸಿ. ಕೋಣೆ ನಿಮ್ಮದೇ."

ಮಗಳು ಖುಷಿಯಿಂದ ತಿರುಗಿದಳು. ಅಮ್ಮನಿಗೆ ಪುರುಸೊತ್ತಿರಲಿಲ್ಲ, ಗಾಜಿಗೆ ಮೂಗು ಒತ್ತಿ ಕೂಗುತ್ತಿದ್ದಳು: "ಬಂತು ಕಣೇ, ಬಸ್ಸು! ಅಗೋ, ಇನ್ನೊಂದು!"