ಹಸಿರೆಣ್ಣೆಯ ಗೋಳಿಬಜೆ

ಶ್ರವಣನಿಗೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸೊಂದರಲ್ಲಿ ಕೆಲಸ. ಶನಿವಾರವಾದರೆ ಬಸ್ಸು ಹತ್ತಿ ದುಬೈಗೆ, ಅಲ್ ಕುಸೈಸಿನಲ್ಲಿದ್ದ ಅಣ್ಣ ಧರ್ಮಪಾಲನ ಫ್ಲ್ಯಾಟಿಗೆ ಬಂದುಬಿಡುತ್ತಿದ್ದ. ಮದುವೆಯಾಗದ ಮೈದುನ ವಾರಕ್ಕೊಮ್ಮೆಯಾದರೂ ಮನೆಯೂಟ ಉಣ್ಣಲಿ ಎಂದು ಅತ್ತಿಗೆ ವಾರಿಜಾಕ್ಷಿಗೂ ಅದು ಖುಷಿಯೇ. ಆದರೆ ಅವನು ಬ್ಯಾಂಕಾಕಿಗೆ ಹೋಗಿಬಂದ ಮೇಲೆ ಆ ಖುಷಿ ಕರಗತೊಡಗಿತು. ಬಾಯಿ ತೆರೆದರೆ ಒಂದೇ ಮಾತು.

"ಅಲ್ಲಿ ಗಾಂಜಾ ಎಣ್ಣೆಯಲ್ಲೇ ಅಡುಗೆ ಮಾಡ್ತಾರೆ ಅತ್ತಿಗೆ. ಒಂದು ಚಮಚ ಹೊಟ್ಟೆಗೆ ಹೋದ್ರೆ ಕಾಲು ನೆಲದಲ್ಲಿ ನಿಲ್ಲುದಿಲ್ಲ. ಮನೆಯಲ್ಲೇ ಮಾಡ್ಲಿಕ್ಕಾಗ್ತದೆ, ದೊಡ್ಡ ವಿದ್ಯೆ ಎಂತ ಇಲ್ಲ."

ಊಟದ ಮೇಜಿನಲ್ಲಿ ಹೇಳಿದ, ಬಾಲ್ಕನಿಯಲ್ಲಿ ಹೇಳಿದ. ಕೊನೆಗೆ ಅಪರಿಚಿತರು ತುಂಬಿದ್ದ ಲಿಫ್ಟಿನಲ್ಲೂ ಶುರುಮಾಡಿದಾಗ ವಾರಿಜಾಕ್ಷಿಯ ಎದೆ ಝಲ್ಲೆಂದಿತು. ಹೊರಗೆ ಬಂದವಳೇ, "ಈ ಊರಲ್ಲಿ ಆ ಹೆಸರು ಎತ್ತಬಾರ್ದು ಮಾರಾಯ. ನಮ್ಮನ್ನೆಲ್ಲ ಗಂಟುಮೂಟೆ ಸಮೇತ ಹೊರಗೆ ಹಾಕ್ತಾರೆ" ಎಂದಳು.

"ನಿಮ್ಮದು ಭಾರಿ ಪುಕ್ಕಲು ಜೀವ ಅತ್ತಿಗೆ" ಎಂದು ಅವನು ನಕ್ಕ.

ಆ ನಗು ವಾರಿಜಾಕ್ಷಿಯ ಮನಸ್ಸಿನಲ್ಲಿ ವಾರವಿಡೀ ಕೊರೆಯುತ್ತಲೇ ಇತ್ತು. ಮುಂದಿನ ಶನಿವಾರ ಅವಳು ಬಾಲ್ಕನಿಯ ಕುಂಡದಿಂದ ದೊಡ್ಡಪತ್ರೆ ಎಲೆ ಕಿತ್ತಳು. ಒಂದು ಹಿಡಿ ಕಸೂರಿ ಮೇಥಿ, ಸ್ವಲ್ಪ ಓಮ ಸೇರಿಸಿ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದಳು. ಎಣ್ಣೆ ಕಡುಹಸಿರಾಯಿತು. ಔಷಧಿಯದೋ ಒಣಹುಲ್ಲಿನದೋ ತಿಳಿಯದ ಘಾಟು ಮನೆಯೆಲ್ಲ ಹಬ್ಬಿತು. ಅದನ್ನು ಸೋಸಿ, ಅದರಲ್ಲೇ ಮೈದಾಹಿಟ್ಟಿನ ಗೋಳಿಬಜೆ ಬಿಟ್ಟಳು. ಧರ್ಮಪಾಲ ಅಡುಗೆಮನೆಗೆ ಇಣುಕಿ, "ಯಾರಿಗೆ ಶೀತ?" ಎಂದು ಕೇಳಿದ. ಅವಳು ಕಣ್ಣು ಮಿಟುಕಿಸಿದಳು. ಹೆಂಡತಿಯ ಆ ಕಣ್ಣನ್ನು ಬಲ್ಲ ಅವನು ತೆಪ್ಪಗೆ ಸೋಫಾಕ್ಕೆ ಮರಳಿದ.

ಶ್ರವಣ್ ಬಂದವನೇ ಕೈ ತೊಳೆದು ಕೂತ. ಚಟ್ನಿ ಅದ್ದಿ ಅದ್ದಿ ಅರ್ಧ ತಟ್ಟೆ ಬರಿದು ಮಾಡಿದ. "ರುಚಿ ಬೇರೆ ಉಂಟಲ್ಲ, ಯಾವ ಎಣ್ಣೆ ಅತ್ತಿಗೆ?"

ವಾರಿಜಾಕ್ಷಿ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ನೀನು ಹೇಳಿದ್ದೇ. ದೊಡ್ಡ ವಿದ್ಯೆ ಎಂತ ಇಲ್ಲ ಅಂದಿದ್ದಿಯಲ್ಲ, ಹೌದು ನೋಡು."

ಶ್ರವಣನ ಕೈಯಲ್ಲಿದ್ದ ಗೋಳಿಬಜೆ ಚಟ್ನಿಯೊಳಗೆ ಬಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅಮ್ಮ ನೆತ್ತಿಗೆ ಹಾಕುತ್ತಿದ್ದ ಸೊಪ್ಪಿನ ವಾಸನೆ ಅದು. ಹೆದರಿದ ಮೂಗಿಗೆ ಅದೂ ಗೊತ್ತಾಗಲಿಲ್ಲ. "ಎಲ್ಲಿ ಸಿಕ್ಕಿತು? ಯಾರು ಕೊಟ್ಟರು?" ಎಂದ. ಅವಳು ಉತ್ತರಿಸುವ ಮೊದಲೇ, "ಬೇಡ, ಹೇಳ್ಬೇಡಿ" ಎಂದು ಕಿವಿ ಮುಚ್ಚಿಕೊಂಡ.

ಆಮೇಲೆ ಅವನ ಮೊಣಕಾಲು ಹಗುರವಾಯಿತು. ನಾಲಿಗೆ ಒಣಗಿತು. ಏಸಿಯ ಸದ್ದು ಯಾರೋ ತನ್ನ ಹೆಸರು ಕರೆದಂತೆ ಕೇಳಿತು. ಗಾಂಜಾ ರಕ್ತದಲ್ಲಿ ಎಷ್ಟು ದಿನ ಉಳಿಯುತ್ತದೆಂದು ಹುಡುಕಲು ಮೊಬೈಲ್ ತೆಗೆದ; ಹುಡುಕಿದ್ದೇ ದಾಖಲೆಯಾದರೆ ಎಂದು ಹೆದರಿ ಸ್ವಿಚ್ ಆಫ್ ಮಾಡಿ ದಿಂಬಿನಡಿ ತುರುಕಿದ. "ಅಣ್ಣ, ನಿನಗೆ ಎಂತ ಆಗುದಿಲ್ವಾ?"

"ಸ್ವಲ್ಪ ತೇಲಿದ ಹಾಗೆ ಉಂಟು" ಎಂದು ಧರ್ಮಪಾಲ ಗಂಭೀರವಾಗಿ ಹೇಳಿ ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡ.

ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಶ್ರವಣ್ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡ. ಬಂದವನು ಗ್ರೋಸರಿಯವನು, ನೀರಿನ ಕ್ಯಾನ್ ಇಟ್ಟು ಹೋದ. ಒಳಗೆ ಮಾತ್ರ ಮೈಗೆ ಹತ್ತಿದ ಘಾಟು ಹೋಗಲೆಂದು ಬಿಟ್ಟ ಶವರ್ ಸುರಿಯುತ್ತಲೇ ಇತ್ತು.

"ಹೋದ್ರು, ಹೊರಗೆ ಬಾ" ಎಂದು ವಾರಿಜಾಕ್ಷಿ ಬಾಗಿಲು ತಟ್ಟಿದಳು.

"ಅತ್ತಿಗೆ, ನಾನು ಬ್ಯಾಂಕಾಕಲ್ಲಿ ಎಂತದ್ದೂ ಮುಟ್ಟಲಿಲ್ಲ" ಎಂದು ಒಳಗಿನಿಂದ ಅಳುದನಿ ಬಂತು. "ಒಂದು ಗಾಂಜಾ ಅಂಗಡಿ ಎದುರು ನಿಂತು ಫೋಟೋ ತೆಗೆಸಿಕೊಂಡದ್ದು ಮಾತ್ರ. ಹೆದರಿಕೆಯಾಗಿ ದಿನಾ ನಮ್ಮವರ ಹೋಟೆಲಲ್ಲಿ ಮೊಸರನ್ನ ತಿಂದೆ."

ವಾರಿಜಾಕ್ಷಿಗೆ ನಗು ಉಕ್ಕಿ ಬಂದರೂ ಪಾಪ ಅನ್ನಿಸಿತು. ಕುಂಡದಿಂದ ಎಲೆಯೊಂದನ್ನು ಮುರಿದು ಬಾಗಿಲ ಸಂದಿಯಲ್ಲಿ ತೂರಿಸಿದಳು. "ಮೂಸಿ ನೋಡು."

ಶವರ್ ನಿಂತಿತು. ಅಂಗಿ, ಪ್ಯಾಂಟೆಲ್ಲ ಒದ್ದೆಯಾಗಿದ್ದ ಶ್ರವಣ್ ಹೊರಗೆ ಬಂದ. ಅಣ್ಣನ ಲುಂಗಿ ಸುತ್ತಿಕೊಂಡು ಉಳಿದ ಗೋಳಿಬಜೆಗೆ ಕೈ ಹಾಕಿದ. "ಚಟ್ನಿ ಉಂಟಾ ಇನ್ನು?" ಎಂದಾಗ ಮೂವರೂ ನಗಲಾರಂಭಿಸಿದರು.

ಮರುದಿನ ಅವನನ್ನು ಕಳಿಸಲು ಅವಳೇ ಬಸ್ ಸ್ಟ್ಯಾಂಡಿಗೆ ಹೋದಳು. ದಾರಿಗೆಂದು ಅದೇ ಎಣ್ಣೆಯಲ್ಲಿ ಮತ್ತೆ ಕರಿದ ಗೋಳಿಬಜೆಯ ಪೊಟ್ಟಣ ಅವಳ ಬ್ಯಾಗಿನಲ್ಲಿತ್ತು. ಸಾಲು ಮುಂದೆ ಸರಿಯುತ್ತಿದ್ದಾಗ ನಾಯಿಯೊಂದನ್ನು ಹಿಡಿದು ಪೊಲೀಸನೊಬ್ಬ ಆ ಕಡೆಗೇ ಬಂದ. ಒಳಗಿರುವುದು ದೊಡ್ಡಪತ್ರೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಬ್ಯಾಗು ತಾನಾಗಿಯೇ ನಾಯಿಯಿಂದ ದೂರದ ಎಡಗೈಗೆ ಹೋಯಿತು, ಕುತ್ತಿಗೆ ಬೆವರಿತು. ನಾಯಿ ಅವಳ ಕಡೆ ತಿರುಗಿಯೂ ನೋಡದೆ ಮುಂದೆ ಹೋಯಿತು.

ಶ್ರವಣ್ ಎಲ್ಲವನ್ನೂ ನೋಡಿದ್ದ. ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡು ಬಸ್ಸು ಹತ್ತಿದ. ಕಿಟಕಿ ಪಕ್ಕ ಕೂತು ನಗುತ್ತಾ ಪೊಟ್ಟಣ ಬಿಚ್ಚುತ್ತಿದ್ದವನನ್ನು ವಾರಿಜಾಕ್ಷಿ ಬಸ್ಸು ಹೊರಡುವ ತನಕ ದುರುಗುಟ್ಟಿ ನೋಡಿದಳು.